ಸ್ಕ್ಯಾನ್ ಮಾಡಿದ್ರೆ ‘ಏನೂ ಇಲ್ಲ’ ಅನ್ನತ್ತೆ, ಹತ್ತು ನಿಮಿಷಕ್ಕೆ ಮತ್ತೆ ಶುರು

ತುಂಗಾದಡ · ಸೋಮವಾರ, ರಾತ್ರಿ 9:40

ತೀರ್ಥಹಳ್ಳಿ ಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗೆ ನಮ್ಮನೆ. ನಾನು ಶಾಲೆ ಟೀಚರ್. ಕಂಪ್ಯೂಟರ್ ವಿಷಯದಲ್ಲಿ ನನಗೆ ಗೊತ್ತಿರೋದು ವರ್ಡು, ಎಕ್ಸೆಲ್ಲು, ಪ್ರಿಂಟು, ಅಷ್ಟೇ.

ಲ್ಯಾಪ್‌ಟಾಪ್ 2019ರಲ್ಲಿ ತಗೊಂಡಿದ್ದು. ಐ5 ಎಂಟನೇ ಜನರೇಷನ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಕಳೆದ ದೀಪಾವಳಿ ಹೊತ್ತಿಗೆ ಭಾರಿ ನಿಧಾನ ಆಗಿತ್ತು ಅಂತ ಒಂದು ಅಂಗಡಿಗೆ ಕೊಟ್ವಿ. 600 ರೂಪಾಯಿ ತಗೊಂಡು ಫಾರ್ಮ್ಯಾಟ್ ಮಾಡಿ, “ಎಲ್ಲಾ ಫುಲ್ ವರ್ಷನ್ ಹಾಕಿದೀನಿ ಮೇಡಂ” ಅಂತ ವಾಪಸ್ ಕೊಟ್ರು. ಚೆನ್ನಾಗೇ ಇತ್ತು. ಒಂದು ತಿಂಗಳಿಂದ ಶುರುವಾಗಿದೆ ನೋಡಿ.

ಕ್ರೋಮ್ ತೆರೆದ್ರೆ ಗೂಗಲ್ ಬದಲು ಕೇಳರಿಯದ ಯಾವುದೋ ಸರ್ಚ್ ಪುಟ. ಬಲಗಡೆ ಕೆಳಮೂಲೆಯಲ್ಲಿ “5 ವೈರಸ್ ಸಿಕ್ಕಿವೆ, ಈಗಲೇ ಒತ್ತಿ” ಅಂತ ಕೆಂಪು ಚೌಕ ಏಳ್ತಾನೇ ಇರತ್ತೆ. ಯಾರೂ ಮುಟ್ಟದೇ ಇದ್ರೂ ಫ್ಯಾನು ಗಿರಣಿ ಥರ ತಿರುಗತ್ತೆ. ಕೀಬೋರ್ಡ್ ಎಷ್ಟು ಬೆಚ್ಚಗಿರತ್ತೆ ಅಂದ್ರೆ ಈ ಮಳೇಲಿ ನಮ್ಮನೆ ಬೆಕ್ಕು ಒಲೆ ಬಿಟ್ಟು ಅದರ ಪಕ್ಕ ಬಂದು ಮಲಗತ್ತೆ.

ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರಲ್ಲಿ ಸ್ಕ್ಯಾನ್ ಮಾಡಿದ್ರೆ ಹಸಿರು ಗುರುತು, ಏನೂ ಇಲ್ಲ ಅಂತ. ಮಗ ಇನ್ನೊಂದು ಫ್ರೀ ಆಂಟಿವೈರಸ್ ಹಾಕಿದ. ಅದು ಮೂರು ಹಿಡೀತು, ಅಳಿಸ್ತು. ಹತ್ತು ನಿಮಿಷಕ್ಕೆ ಆ ಮೂರೂ ಅದೇ ಹೆಸರಲ್ಲಿ ವಾಪಸ್. ಹೀಗೇ ಹದಿನೈದು ಸಲ ಆಗಿರ್ಬಹುದು.

ಮಾವನವರ ಎಫ್‌ಡಿ, ಅಡಿಕೆ ಮಂಡಿ ದುಡ್ಡು ಎಲ್ಲಾ ಇದರಲ್ಲೇ ನೋಡೋದು. ಬ್ಯಾಟರಿ ಸತ್ತು ವರ್ಷ ಆಯ್ತು, ಚಾರ್ಜರ್ ಮೇಲೇ ಓಡತ್ತೆ. ಆಶ್ಲೇಷ ಮಳೆ ಹಿಡಿದಿದೆ, ಕರೆಂಟು ದಿನಕ್ಕೆ ನಾಲ್ಕು ಸಲ ಹೋಗತ್ತೆ. ಎಂತ ಮಾಡ್ಲಿ?

ಅಪ್ಪೆಮಿಡಿ · 9:52

ಫಾರ್ಮ್ಯಾಟ್ ಹೊಡೀರಿ ಮೇಡಂ. ಒಂದು ಗಂಟೆ ಕೆಲಸ. ಉಳಿದದ್ದೆಲ್ಲ ಟೈಂ ವೇಸ್ಟ್.

ಗುಡ್ಡೇಕೇರಿ · 10:15

ಅಪ್ಪೆಮಿಡಿ, ಹೋದ ಸಲನೂ ಫಾರ್ಮ್ಯಾಟೇ ಮಾಡಿದ್ದು ತಮ್ಮಾ, ಓದಿಲ್ವಾ? ಎಲ್ಲಿಂದ ಬಂತು ಅಂತ ತಿಳೀದೆ ಫಾರ್ಮ್ಯಾಟ್ ಮಾಡಿದ್ರೆ ಮುಂದಿನ ದೀಪಾವಳಿಗೆ ಮತ್ತೆ 600 ರೂಪಾಯಿ.

ಮೇಡಂ, ಮೊದಲು ಒಂದು ಮಾತು. ಇವತ್ತಿಂದ ಆ ಲ್ಯಾಪ್‌ಟಾಪಲ್ಲಿ ಬ್ಯಾಂಕು, ಇಮೇಲು ಯಾವುದರ ಪಾಸ್‌ವರ್ಡೂ ಟೈಪ್ ಮಾಡಬೇಡಿ. ಆ ಕೆಂಪು ಚೌಕ ಒತ್ತಬೇಡಿ, ಅದರಲ್ಲಿ ಫೋನ್ ನಂಬರ್ ಇದ್ರೆ ಫೋನ್ ಅಂತೂ ಮಾಡ್ಲೇಬೇಡಿ.

ಈಗ ಮೂರು ವಿಷಯ ನೋಡಿ ಹೇಳಿ. ಫ್ಯಾನು ಜೋರಾಗಿ ತಿರುಗ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೀರಿ, ಫ್ಯಾನು ಏನಾಗತ್ತೆ? ಎರಡನೇದು, ಕ್ರೋಮ್ ಪೂರ್ತಿ ಮುಚ್ಚಿದ ಮೇಲೂ ಕೆಂಪು ಚೌಕ ಬರತ್ತಾ? ಮೂರನೇದು ಮುಖ್ಯ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಕೆಳಗೆ ಮ್ಯಾನೇಜ್ ಸೆಟ್ಟಿಂಗ್ಸ್, ಅಲ್ಲಿ ಕೆಳಗಡೆ ‘ಎಕ್ಸ್‌ಕ್ಲೂಷನ್ಸ್’ ಅಂತ ಇರತ್ತೆ. ಅದರೊಳಗೆ ಏನಿದೆ?

ತುಂಗಾದಡ · ಮಂಗಳವಾರ, ಬೆಳಿಗ್ಗೆ 11:05

ಮಳೆ ರಜೆ ಕೊಟ್ಟಿದ್ದಾರೆ, ಹಾಗಾಗಿ ಕೂತು ನೋಡಿದೆ.

ಫ್ಯಾನು: ಟಾಸ್ಕ್ ಮ್ಯಾನೇಜರ್ ತೆರೆದ ಎರಡು ಮೂರು ಸೆಕೆಂಡಿಗೆ ತಣ್ಣಗಾಗತ್ತೆ. ಮುಚ್ಚಿದ್ರೆ ಒಂದು ನಿಮಿಷದಲ್ಲಿ ಮತ್ತೆ ಜೋರು. ಆರು ಸಲ ಮಾಡಿದೆ, ಆರೂ ಸಲ ಹಾಗೇ. ನಮ್ಮ ನಾಲ್ಕನೇ ಕ್ಲಾಸ್ ಮಕ್ಕಳು ನಾನು ಬಾಗಿಲಿಗೆ ಬಂದ ತಕ್ಷಣ ಪುಸ್ತಕ ತೆರೆದು ಕೂರ್ತಾರಲ್ಲ, ಥೇಟ್ ಹಂಗೇ.

ಕೆಂಪು ಚೌಕ ಕ್ರೋಮ್ ಪೂರ್ತಿ ಮುಚ್ಚಿದ್ರೆ ಬರಲ್ಲ.

ಎಕ್ಸ್‌ಕ್ಲೂಷನ್ಸ್ ಒಳಗೆ ಎರಡು ಸಾಲು ಇದೆ. ಒಂದು ಯಾವುದೋ ಫೋಲ್ಡರ್. ಇನ್ನೊಂದು ಬರೀ ಸಿ ಅಕ್ಷರ, ಅದರ ಮುಂದೆ ಓರೆ ಗೆರೆ. ನಾನು ಹಾಕಿಲ್ಲ, ಮಗನೂ ಹಾಕಿಲ್ಲ ಅಂತಾನೆ.

ಗುಡ್ಡೇಕೇರಿ · 11:30

ಸಿಕ್ತು.

ಎಕ್ಸ್‌ಕ್ಲೂಷನ್ ಅಂದ್ರೆ ‘ಇಲ್ಲಿ ನೋಡಬೇಡ’ ಅಂತ ಡಿಫೆಂಡರಿಗೆ ಬರೆದುಕೊಟ್ಟ ಚೀಟಿ. ನಿಮ್ಮದರಲ್ಲಿ ಇಡೀ ಸಿ ಡ್ರೈವನ್ನೇ ನೋಡಬೇಡ ಅಂತಿದೆ. ಅದು ಹಸಿರು ಗುರುತು ತೋರಿಸಿದ್ದು ಸುಳ್ಳಲ್ಲ, ಪಾಪ. ನೋಡಿದ ಜಾಗದಲ್ಲಿ ಏನೂ ಇರಲಿಲ್ಲ.

ಈ ಚೀಟಿ ಬರೆದದ್ದು ಬಹುಶಃ ‘ಫುಲ್ ವರ್ಷನ್’. ಲೈಸೆನ್ಸ್ ಇಲ್ಲದ ವಿಂಡೋಸು, ಆಫೀಸು ಓಡಿಸೋಕೆ ಆಕ್ಟಿವೇಟರ್ ಅಂತ ಒಂದು ತುಂಡು ಪ್ರೋಗ್ರಾಂ ಹಾಕ್ತಾರೆ. ಡಿಫೆಂಡರ್ ಅದನ್ನ ಹಿಡಿದು ಬಿಸಾಕತ್ತೆ. ಅದಕ್ಕೇ ಮೊದಲು ಎಕ್ಸ್‌ಕ್ಲೂಷನ್ ಹಾಕಿ, ಆಮೇಲೆ ಅದನ್ನ ಓಡಿಸ್ತಾರೆ. ಸೋಮಾರಿಗಳು ಒಂದು ಫೋಲ್ಡರ್ ಬದಲು ಇಡೀ ಡ್ರೈವ್ ಹಾಕಿ ಕೈ ತೊಳ್ಕೊಳ್ತಾರೆ. ಕೆಲವು ವೈರಸ್‌ಗಳೂ ಅಡ್ಮಿನ್ ಅನುಮತಿ ಸಿಕ್ಕರೆ ಮೊದಲು ಮಾಡೋ ಕೆಲಸ ಇದೇ.

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಕಂಪನಿ ಲ್ಯಾಪ್‌ಟಾಪ್ ವಿಂಡೋಸ್ ಜೊತೆಗೇ ಬಂದಿದ್ರೆ ಅದರ ಅಸಲಿ ಲೈಸೆನ್ಸ್ ಕೀ ಮದರ್‌ಬೋರ್ಡಿನ ಫರ್ಮ್‌ವೇರ್ ಒಳಗೇ ಇರತ್ತೆ. ಡಿಸ್ಕ್ ಅಳಿಸಿದ್ರೂ ಹೋಗಲ್ಲ. ಅದೇ ಎಡಿಷನ್ ಹಾಕಿದ್ರೆ ತಾನಾಗೇ ಆಕ್ಟಿವೇಟ್ ಆಗತ್ತೆ. ನಿಮ್ಮದು ಹೋಂ ಎಡಿಷನ್ ಇದ್ದಿರಬೇಕು, ಈಗ ಸೆಟ್ಟಿಂಗ್ಸ್‌ನಲ್ಲಿ ‘ಪ್ರೊ’ ಅಂತ ತೋರಿಸ್ತಿದೆಯಾ ನೋಡಿ. ಹಾಗಿದ್ರೆ ನೀವು ದುಡ್ಡು ಕೊಟ್ಟ ವಿಂಡೋಸ್ ತೆಗೆದು ಕದ್ದ ವಿಂಡೋಸ್ ಹಾಕಿ, ಅದಕ್ಕೂ ದುಡ್ಡು ಇಸ್ಕೊಂಡಿದ್ದಾರೆ.

ಫ್ಯಾನಿನದು ಕ್ರಿಪ್ಟೋ ಮೈನರ್. ನಿಮ್ಮ ಪ್ರಾಸೆಸರ್, ನಿಮ್ಮ ಕರೆಂಟು, ಇನ್ಯಾರಿಗೋ ನಾಣ್ಯ. ಟಾಸ್ಕ್ ಮ್ಯಾನೇಜರ್ ತೆರೆದದ್ದು ಗೊತ್ತಾದ ಕೂಡಲೇ ನಿಲ್ಲೋ ಹಾಗೆ ಬರೆದಿರ್ತಾರೆ.

ತುಂಗಾದಡ · 11:41

ಪ್ರೊ ಅಂತಲೇ ಇದೆ.

ಸರ್ವಿಸ್_ಶಿವಮೊಗ್ಗ · ಮಧ್ಯಾಹ್ನ 1:20

ನಾನೂ ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡೋನು, ಅದಕ್ಕೇ ಒಂದು ಮಾತು. ಅಂಗಡಿಯವರನ್ನ ಬೈಯೋದು ಸುಲಭ. ಬಂದವರು “ಸಂಜೆ ಐದೂವರೆ ಬಸ್ಸಿಗೆ ವಾಪಸ್ ಹೋಗ್ಬೇಕು, ಅಷ್ಟರೊಳಗೆ ಕೊಡಿ, ಆಫೀಸೂ ಹಾಕಿ, ಫೋಟೋಶಾಪೂ ಹಾಕಿ, ಐನೂರು ತಗೊಳ್ಳಿ” ಅಂತಾರೆ. ಲೈಸೆನ್ಸ್ ಬೇರೆ ತಗೋಬೇಕು ಅಂದ್ರೆ ಎದುರಿನ ಅಂಗಡಿಗೆ ಹೋಗ್ತಾರೆ. ನಮ್ಮವರು ಎಲ್ಲರ ಹತ್ರ ಒಂದೇ ಪೆನ್ ಡ್ರೈವ್ ಇರತ್ತೆ, ಅದರಲ್ಲಿ ಪ್ರೊ ಇರತ್ತೆ, ಅದನ್ನೇ ಎಲ್ಲದಕ್ಕೂ ಚುಚ್ಚೋದು. ಕೀ ಬೋರ್ಡಲ್ಲೇ ಇದೆ ಅಂತ ಗೊತ್ತಿಲ್ಲದ ಹುಡುಗರೂ ಇದ್ದಾರೆ.

ಆದ್ರೆ ಸಿ ಡ್ರೈವ್ ಪೂರ್ತಿ ಎಕ್ಸ್‌ಕ್ಲೂಷನ್ ಹಾಕಿದ್ದು ತಪ್ಪು. ಅದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ.

ಕೆಲಸಕ್ಕೆ ಬರೋ ಮಾತು: ಹಟಮಾರಿ ಕೇಸಲ್ಲಿ ನಾನು ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಮಶೀನಿಂದ ಸ್ಕ್ಯಾನ್ ಮಾಡ್ತೀನಿ. ಅದರ ವಿಂಡೋಸ್ ಓಡದೇ ಇದ್ರೆ ಅದರ ವೈರಸ್ಸೂ ಓಡಲ್ಲ, ಅಡಗೋಕೂ ಆಗಲ್ಲ.

ಹಳೇ_ಟೈಪಿಸ್ಟ್ · 2:45

ಸಾಗರದಲ್ಲಿ ಡಿಟಿಪಿ ಮಾಡ್ತೀನಿ. ಮೇಡಂ, ಪೆನ್ ಡ್ರೈವ್ ಎಲ್ಲೆಲ್ಲಿ ಹಾಕ್ತೀರಿ ಅಂತ ಯಾರೂ ಕೇಳಲೇ ಇಲ್ವಲ್ಲ.

ನಮ್ಮಲ್ಲಿಗೆ ದಿನಕ್ಕೆ ಇಪ್ಪತ್ತು ಪೆನ್ ಡ್ರೈವ್ ಬರತ್ತೆ, ನಾಲ್ಕರಲ್ಲಾದರೂ ಶಾರ್ಟ್‌ಕಟ್ ವೈರಸ್. ತೆರೆದ್ರೆ ಎಲ್ಲಾ ಫೋಲ್ಡರ್ ಮೇಲೂ ಪುಟ್ಟ ಬಾಗಿದ ಬಾಣ. ಅಸಲಿ ಫೋಲ್ಡರ್‌ಗಳನ್ನ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರತ್ತೆ. ನಾವು ‘ಮದುವೆ ಪತ್ರಿಕೆ’ ಅಂತ ಒತ್ತಿದ್ರೆ ಮೊದಲು ವೈರಸ್ಸಿನ ಸ್ಕ್ರಿಪ್ಟ್ ಓಡತ್ತೆ, ಆಮೇಲೆ ಮದುವೆ ಪತ್ರಿಕೆನೂ ತೆರೆಯತ್ತೆ, ಅನುಮಾನನೇ ಬರಲ್ಲ. ಪೆನ್ ಡ್ರೈವ್ ಹಾಕಿದ ಕೂಡಲೇ ತಾನಾಗಿ ಓಡೋ ಆಟೋರನ್ ಸೌಲಭ್ಯವನ್ನ ಮೈಕ್ರೋಸಾಫ್ಟ್ 2011ರಲ್ಲೇ ಹಳೇ ವಿಂಡೋಸ್‌ಗಳಲ್ಲೂ ಬಂದ್ ಮಾಡ್ತು. ಅದಕ್ಕೇ ಈಗಿನವು ನಮ್ಮ ಕೈಯಿಂದಲೇ ಒತ್ತಿಸಿಕೊಳ್ತವೆ.

ಫೈಲ್ ಹೋಯ್ತು ಅಂತ ಅಳಬೇಡಿ, ಅಲ್ಲೇ ಇರ್ತವೆ. ಕಮಾಂಡ್ ಪ್ರಾಂಪ್ಟಲ್ಲಿ ಆಟ್ರಿಬ್ ಆಜ್ಞೆಗೆ ಎಚ್, ಆರ್, ಎಸ್ ಮೂರಕ್ಕೂ ಮೈನಸ್ ಕೊಟ್ರೆ ಕಾಣ್ತವೆ. ಶಾರ್ಟ್‌ಕಟ್‌ಗಳನ್ನ ಅಳಿಸಿ. ಹಾಗೇ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ (ಫೈಲ್ ಹೆಸರಿನ ಕೊನೇ ಬಾಲ) ಟಿಕ್ ಮಾಡಿಟ್ಕೊಳ್ಳಿ. ಮೊನ್ನೆ ಒಬ್ಬರು ‘ಪಹಣಿ ಪಿಡಿಎಫ್ ತೆರೀತಿಲ್ಲ’ ಅಂತ ತಂದ್ರು. ಎಕ್ಸ್‌ಟೆನ್ಷನ್ ಕಾಣೋ ಹಾಗೆ ಮಾಡಿದ್ರೆ ಪಿಡಿಎಫ್ ಆದ ಮೇಲೆ ಇನ್ನೊಂದು ಚುಕ್ಕಿ, ಮುಂದೆ ಇಎಕ್ಸ್‌ಇ. ಅದು ಪಹಣಿ ಅಲ್ಲ ಮಾರಾಯ್ರೆ, ಪ್ರೋಗ್ರಾಂ.

ಗುಡ್ಡೇಕೇರಿ · ರಾತ್ರಿ 8:10

ಹಳೇ_ಟೈಪಿಸ್ಟ್ ಹೇಳಿದ್ದು ಸರಿ, ನಾನು ಕೇಳಬೇಕಿತ್ತು.

ಮೇಡಂ, ನಿಧಾನಕ್ಕೆ ಮಾಡಿ. ಮಗ ಹಾಕಿದ ಎರಡನೇ ಆಂಟಿವೈರಸ್ ಮೊದಲು ತೆಗೆದು ರೀಸ್ಟಾರ್ಟ್ ಮಾಡಿ. ಬೇರೆ ಆಂಟಿವೈರಸ್ ಇದ್ರೆ ಡಿಫೆಂಡರ್ ಹಿಂದೆ ಸರಿದು ಕೂರತ್ತೆ. ಆಮೇಲೆ ಎಕ್ಸ್‌ಕ್ಲೂಷನ್ ಎರಡೂ ಅಳಿಸಿ, ಡಿಫೆಂಡರ್ ಅಪ್‌ಡೇಟ್ ಮಾಡಿ, ನೆಟ್ ಕಟ್ ಮಾಡಿ. ಇಷ್ಟಾದ ಮೇಲೆ ಸ್ಕ್ಯಾನ್ ಆಪ್ಷನ್ಸ್ ಒಳಗೆ ಆಫ್‌ಲೈನ್ ಸ್ಕ್ಯಾನ್ ಅಂತಿದೆ, ಅದು. ಮಶೀನ್ ರೀಸ್ಟಾರ್ಟ್ ಆಗಿ, ನಿಮ್ಮ ವಿಂಡೋಸ್ ಏಳೋಕೆ ಮೊದಲೇ ಹೊರಗಿಂದ ಹುಡುಕತ್ತೆ. ಸರ್ವಿಸ್‌ನವರು ಡಿಸ್ಕ್ ಬಿಚ್ಚಿ ಮಾಡೋದೂ ಇದೇ ತತ್ವ. ಸುಮಾರು 15 ನಿಮಿಷ ಹಿಡಿಯತ್ತೆ. ಕರೆಂಟು ಹೋದ್ರೆ ಆಕಾಶ ಬೀಳಲ್ಲ, ಮೊದಲಿಂದ ಮಾಡಬೇಕು ಅಷ್ಟೇ. ಆದ್ರೂ ಇನ್ವರ್ಟರ್ ಲೈನಿಗೆ ಹಾಕಿ.

ಅದು ಮುಗಿದ ಮೇಲೆ ಮೈಕ್ರೋಸಾಫ್ಟಿನದೇ ‘ಆಟೋರನ್ಸ್’ ಅಂತ ಸಣ್ಣ ಉಪಕರಣ ಇದೆ. ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಅದು ಸಿಸ್‌ಇಂಟರ್ನಲ್ಸ್ ಅನ್ನೋ ಉಪಕರಣಗಳ ಗುಂಪಿನದು, 1996ರಲ್ಲಿ ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರು ಮಾಡಿದ್ದು, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಂಡ್ತು. ವಿಂಡೋಸ್ ಏಳುವಾಗ ತಾನಾಗಿ ಓಡೋದೆಲ್ಲ ಅದರಲ್ಲಿ ಕಾಣತ್ತೆ. ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್ ಸಾಲುಗಳನ್ನ ಮರೆಮಾಡಿ, ನೆಟ್ ಮತ್ತೆ ಹಾಕಿ ವೈರಸ್‌ಟೋಟಲ್ ತಪಾಸಣೆ ಆನ್ ಮಾಡಿ. ಎಪ್ಪತ್ತಕ್ಕೂ ಹೆಚ್ಚು ಆಂಟಿವೈರಸ್‌ಗಳ ಅಭಿಪ್ರಾಯ ಒಂದೇ ಕಡೆ ಸಿಗತ್ತೆ. ಒಂದೋ ಎರಡೋ ಕೆಂಪು ಅಂದ್ರೆ ಗಾಬರಿ ಬೇಡ, ಮೂವತ್ತು ನಲವತ್ತು ಅಂದ್ರೆ ಅನುಮಾನ ಬೇಡ. ಮನೆ ಪತ್ರ, ಆಧಾರ್ ಪ್ರತಿ ಇಂಥವನ್ನ ಮಾತ್ರ ವೈರಸ್‌ಟೋಟಲ್‌ಗೆ ಹಾಕಬೇಡಿ, ಅಲ್ಲಿಗೆ ಹಾಕಿದ ಫೈಲ್ ಬೇರೆಯವರ ಕೈಗೂ ಸಿಗತ್ತೆ.

‘ಶೆಡ್ಯೂಲ್ಡ್ ಟಾಸ್ಕ್ಸ್’ ಟ್ಯಾಬನ್ನ ಎರಡು ಸಲ ನೋಡಿ. ಹತ್ತು ನಿಮಿಷಕ್ಕೆ ಸರಿಯಾಗಿ ವಾಪಸ್ ಬರತ್ತೆ ಅಂದ್ರಲ್ಲ, ಅಷ್ಟು ಶಿಸ್ತು ವೈರಸ್ ಫೈಲಿಗೆ ಇರಲ್ಲ. ಯಾರೋ ಅಲಾರಂ ಇಟ್ಟಿದ್ದಾರೆ.

ಕೊಳೆ_ಔಷಧಿ · 8:35

ಕೊಳೆ ರೋಗ ಬಂದ ಅಡಿಕೆ ತೋಟದಲ್ಲಿ ಉದುರಿದ ಕಾಯಿ ಹೆಕ್ಕದೆ ಬರೀ ಬೋರ್ಡೋ ಔಷಧಿ ಹೊಡೆದ ಹಾಗೆ ಆಗಿದೆ ನಿಮ್ಮ ಕಥೆ.

ಅಪ್ಪೆಮಿಡಿ · 8:36

ಬಂತು ನೋಡಿ, ಅಡಿಕೆ ಇಲ್ಲದೆ ನಮ್ಮೂರಲ್ಲಿ ಯಾವ ಚರ್ಚೆನೂ ಮುಗಿಯಲ್ಲ.

ತುಂಗಾದಡ · ಬುಧವಾರ, ಸಂಜೆ 6:20

ಆಫ್‌ಲೈನ್ ಸ್ಕ್ಯಾನ್ ಎರಡು ಸಲ ಕರೆಂಟು ಹೋಗಿ ನಿಂತಿತು. ಇನ್ವರ್ಟರ್ ಲೈನು ಇರೋದು ದೇವರ ಮನೇಲಿ ಮಾತ್ರ, ಕೊನೆಗೆ ಲ್ಯಾಪ್‌ಟಾಪ್ ಅಲ್ಲೇ ಮಣೆ ಮೇಲಿಟ್ಟು ಮಾಡಿದೆ. ಅತ್ತೆ ಏನೂ ಅನ್ನಲಿಲ್ಲ, ಪಕ್ಕದಲ್ಲಿ ಊದುಬತ್ತಿ ಹಚ್ಚಿಟ್ರು.

ಹನ್ನೊಂದು ಹಿಡೀತು! ಆಟೋರನ್ಸಲ್ಲಿ ಒಂದು ಟಾಸ್ಕ್ ಸಿಕ್ತು. ಹೆಸರು ನೋಡಿದ್ರೆ ಯಾವುದೋ ಅಪ್‌ಡೇಟ್ ಅನ್ಸತ್ತೆ. ಪ್ರತಿ 10 ನಿಮಿಷಕ್ಕೆ ಪವರ್‌ಶೆಲ್ ಅನ್ನೋ ಆಜ್ಞೆ ಓಡಿಸೋ ಪ್ರೋಗ್ರಾಂ ತೆರೆದು ಆಪ್‌ಡೇಟಾ ಫೋಲ್ಡರ್ ಒಳಗಿನ ಒಂದು ಫೈಲ್ ಓಡಿಸ್ತಿತ್ತು. ಅಳಿಸಿದೆ. ಫ್ಯಾನು ನಿಂತಿದೆ, ಬೆಕ್ಕು ಒಲೆ ಹತ್ರ ವಾಪಸ್ ಹೋಗಿದೆ.

ಆದ್ರೆ ಇವತ್ತು ಬೆಳಿಗ್ಗೆ ನೆಟ್ ಹಾಕಿದ್ರೆ ಆ ಸರ್ಚ್ ಪುಟ ಮತ್ತೆ ಬಂತು. ಕ್ರೋಮಿನ ಮೂರು ಚುಕ್ಕಿ ಮೆನು ಕೆಳಗೆ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಅಂತ ಬೇರೆ ಇದೆ. ನಮ್ಮದು ಯಾವ ಸಂಸ್ಥೆ?

ಗುಡ್ಡೇಕೇರಿ · 7:00

ಆಫೀಸುಗಳು ನೌಕರರ ಕ್ರೋಮ್‌ಗೆ ಕಡ್ಡಾಯ ನಿಯಮ ಹಾಕೋಕೆ ಇರೋ ಪಾಲಿಸಿ ಸೌಲಭ್ಯ ಅದು. ಮನೆ ಕಂಪ್ಯೂಟರಲ್ಲಿ ಆ ಸಾಲು ಕಂಡ್ರೆ ಹೆಚ್ಚಾಗಿ ಬ್ರೌಸರನ್ನ ವಶ ಮಾಡ್ಕೊಳ್ಳೋ ಹೈಜಾಕರ್ ತನ್ನ ಎಕ್ಸ್‌ಟೆನ್ಷನ್ (ಕ್ರೋಮ್‌ಗೆ ಸೇರಿಸೋ ತುಂಡು ಪ್ರೋಗ್ರಾಂ) ತೆಗೆಯೋಕೆ ಆಗದ ಹಾಗೆ ಪಾಲಿಸಿ ಬರೆದಿರತ್ತೆ (ಕೆಲವು ಅಸಲಿ ಆಂಟಿವೈರಸ್‌ಗಳೂ ಬರೀತವೆ, ನಿಮ್ಮದನ್ನ ತೆಗೆದಾಗಿದೆ). ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯೂಕ್ಲೀನರ್ ಉಚಿತ, ಇನ್‌ಸ್ಟಾಲ್ ಮಾಡಬೇಕಿಲ್ಲ, ಇಂಥ ಪಾಲಿಸಿಗಳನ್ನ ಗುಡಿಸತ್ತೆ. ಅವರ ಅಧಿಕೃತ ತಾಣದಿಂದಲೇ ಇಳಿಸಿ. ಸರ್ಚ್ ಮಾಡಿದಾಗ ಮೊದಲು ಬರೋ ಜಾಹೀರಾತು ಕೊಂಡಿ ಒತ್ತಬೇಡಿ, ಔಷಧಿ ಹುಡುಕುವವರಿಗೇ ಅಲ್ಲಿ ವಿಷ ಮಾರ್ತಾರೆ.

ಕೆಂಪು ಚೌಕ ವೈರಸ್ಸೇ ಅಲ್ಲ. ಯಾವುದೋ ಸೈಟು ‘ನೋಟಿಫಿಕೇಷನ್ ಕಳಿಸಲಾ’ ಅಂದಾಗ ಅಲೋ ಒತ್ತಿದ್ದೀರಿ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ಪಟ್ಟಿ ಖಾಲಿ ಮಾಡಿದ್ರೆ ಮುಗೀತು.

ಇನ್ನೊಂದು. ಕ್ರೋಮಲ್ಲಿ ಯಾರ ಅಕೌಂಟ್ ಲಾಗಿನ್ ಇದೆ?

ತುಂಗಾದಡ · 7:12

ಮಗನದು. ಅವನು ಶಿವಮೊಗ್ಗದಲ್ಲಿ ನನ್ನ ತಮ್ಮನ ಮನೇಲಿ ಪಿಯುಸಿ ಓದೋದು, ಅಲ್ಲಿನ ಡೆಸ್ಕ್‌ಟಾಪಲ್ಲೂ ಅದೇ ಅಕೌಂಟ್.

ಗುಡ್ಡೇಕೇರಿ · 7:20

ಹಾಗಾದ್ರೆ ಸಿಂಕ್ (ಒಂದೇ ಅಕೌಂಟಿನ ಕ್ರೋಮ್‌ಗಳನ್ನೆಲ್ಲ ಒಂದೇ ಥರ ಇಡೋ ಸೌಲಭ್ಯ) ಮೂಲಕ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಎಕ್ಸ್‌ಟೆನ್ಷನ್ ಓಡಾಡ್ತಿದೆ. ಎರಡೂ ಕಡೆ ಸಿಂಕ್ ಆಫ್ ಮಾಡಿ, ಎರಡೂ ಕಡೆ ಕಿತ್ತು, ಗೂಗಲ್ ಅಕೌಂಟಿನಲ್ಲಿರೋ ಸಿಂಕ್ ಡೇಟಾ ಅಳಿಸಿ, ಆಮೇಲೆ ಆನ್ ಮಾಡಿ. ತಮ್ಮನ ಡೆಸ್ಕ್‌ಟಾಪಿನ ಎಕ್ಸ್‌ಕ್ಲೂಷನ್ ಪಟ್ಟಿಯನ್ನೂ ನೋಡಿ.

ಅಪ್ಪೆಮಿಡಿ · 7:31

ಮೂರು ದಿನ ಆಯ್ತು. ಈಗಲಾದ್ರೂ ಫಾರ್ಮ್ಯಾಟ್ ಅನ್ನಬಹುದಾ?

ಗುಡ್ಡೇಕೇರಿ · 8:05

ಈಗ ಅನ್ನಬಹುದು. ಮೇಡಂ, ಅವನು ಹೇಳೋದನ್ನೇ ಮಾಡಿ.

ಯಾಕಂದ್ರೆ ಸಿ ಡ್ರೈವಿಗೆ ಕಾವಲೇ ಇಲ್ಲದೆ ಒಂಬತ್ತು ಹತ್ತು ತಿಂಗಳಾಗಿದೆ, ಹನ್ನೊಂದು ಸಿಕ್ಕಿವೆ, ಹನ್ನೆರಡನೇದು ಇಲ್ಲ ಅಂತ ನಾನು ಹೇಳಲಾರೆ. ಸರ್ಚ್ ಪುಟ ಬದಲಾಯಿಸೋದು, ಫ್ಯಾನು ತಿರುಗಿಸೋದು ಸದ್ದು ಮಾಡೋ ಜಾತಿ. ರೆಡ್‌ಲೈನ್, ಲುಮ್ಮಾ ಅಂತ ಸದ್ದಿಲ್ಲದ ಜಾತಿ ಇದೆ. ಬ್ರೌಸರಲ್ಲಿ ಸೇವ್ ಮಾಡಿದ ಪಾಸ್‌ವರ್ಡು, ಲಾಗಿನ್ ಕುಕೀ (ನೀವು ಆಗಲೇ ಲಾಗಿನ್ ಆಗಿದ್ದೀರಿ ಅಂತ ಸೈಟಿಗೆ ತೋರಿಸೋ ಚೀಟಿ) ಎತ್ಕೊಂಡು ಹೋಗ್ತವೆ. ಕುಕೀ ಸಿಕ್ಕಿದ್ರೆ ಒಟಿಪಿ ಕೇಳದೇನೇ ನಿಮ್ಮ ಇಮೇಲ್ ಒಳಗೆ ಕೂರಬಹುದು. ಹಾಗಾಗಿ ಪಾಸ್‌ವರ್ಡುಗಳನ್ನ ಫೋನಿಂದ ಬದಲಾಯಿಸಿ, ಈ ಲ್ಯಾಪ್‌ಟಾಪಿಂದಲ್ಲ. ಮೊದಲು ಇಮೇಲು, ಆಮೇಲೆ ಬ್ಯಾಂಕು. ‘ಎಲ್ಲಾ ಸಾಧನಗಳಿಂದ ಲಾಗ್‌ಔಟ್’ ಅಂತ ಇದ್ದಲ್ಲೆಲ್ಲ ಒತ್ತಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಾಮಾನ್ಯ ಬೆಂಬಲ ಮುಗಿದಿದೆ. ನಿಮ್ಮದು ಎಂಟನೇ ಜನರೇಷನ್, ವಿಂಡೋಸ್ 11 ನಡೆಯತ್ತೆ. ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್ ಡ್ರೈವಿಗೆ ಹಾಕಿ. ಆ ಕೆಲಸ ಈ ಲ್ಯಾಪ್‌ಟಾಪಲ್ಲಿ ಬೇಡ. ಫೋಟೋ, ಡಾಕ್ಯುಮೆಂಟ್ ಮಾತ್ರ ಬ್ಯಾಕಪ್. ಸೆಟಪ್ ಫೈಲು, ಜಿಪ್ಪು, ಗೇಮು ಒಂದೂ ಬೇಡ. ಇನ್‌ಸ್ಟಾಲ್ ಮಾಡುವಾಗ ಆ ಡಿಸ್ಕಿನ ಪಾರ್ಟಿಷನ್ ಎಲ್ಲಾ ಅಳಿಸಿ, ಡಿ ಡ್ರೈವ್ ಸಮೇತ.

ಪುಷ್ಯಮಳೆ · 8:20

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿ, ಇದ್ಯಾವ ರಗಳೆನೂ ಇಲ್ಲ.

ಹಳೇ_ಟೈಪಿಸ್ಟ್ · 8:24

ನನ್ನ ಹದಿನೈದು ವರ್ಷದ ನುಡಿ ಫೈಲುಗಳನ್ನ ಯೂನಿಕೋಡಿಗೆ ನೀನು ಬಂದು ಕೂತು ಮಾಡಿಕೊಡು, ನಾಳೆನೇ ಹಾಕ್ತೀನಿ.

ಕೊಳೆ_ಔಷಧಿ · 9:10

ಆ ಕೆಂಪು ಚೌಕದ ಬಗ್ಗೆ ಹೇಳ್ಬೇಕು. ಹೋದ ವರ್ಷ ನಮ್ಮ ಭಾವ ಅಂಥದ್ದೇ ಒಂದರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ರು. ಇಂಗ್ಲಿಷಲ್ಲಿ ಭಾರಿ ಮರ್ಯಾದೆಯಿಂದ ಮಾತಾಡಿ, ದೂರದಿಂದ ಸ್ಕ್ರೀನ್ ನೋಡೋ ಆ್ಯಪ್ ಹಾಕಿಸಿದ್ರು. ಭಾವ ಅವರಿಗೆ ಕಾಫಿ ಕುಡಿದ್ರಾ ಅಂತ ಕೇಳಿದ್ರಂತೆ! ಅರ್ಧ ಗಂಟೇಲಿ 38 ಸಾವಿರ ಹೋಯ್ತು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮಾರನೇ ದಿನ, ಊಟ ಮಾಡಿ. ಅಷ್ಟೊತ್ತಿಗೆ ದುಡ್ಡು ಮೂರು ಖಾತೆ ದಾಟಿತ್ತು. ಆ ನಂಬರಿಗೆ ನಿಮಿಷದ ಲೆಕ್ಕದಲ್ಲಿ ಫೋನ್ ಮಾಡ್ಬೇಕು, ತಡ ಆದಷ್ಟೂ ಹಿಡಿದು ನಿಲ್ಲಿಸೋದು ಕಷ್ಟ.

ತುಂಗಾದಡ · ಭಾನುವಾರ, ರಾತ್ರಿ 8:50

ಶಿವಮೊಗ್ಗಕ್ಕೆ ತಮ್ಮನ ಮನೆಗೆ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗಿ ಮಾಡಿದ್ವಿ. ಅಲ್ಲಿ ಫೈಬರ್ ನೆಟ್ಟೂ ಇದೆ, ಕರೆಂಟೂ ಇರತ್ತೆ. ಅವನ ಆಫೀಸಿನ ಕಂಪ್ಯೂಟರಿಂದ ಪೆನ್ ಡ್ರೈವ್ ರೆಡಿ ಮಾಡ್ಕೊಂಡು ಬಂದಿದ್ದ.

ಇನ್‌ಸ್ಟಾಲ್ ನಡುವೆ ವೈಫೈ ಡ್ರೈವರ್ ಇಲ್ಲ ಅಂತ ನಿಂತಿತು. ಫೋನಿನ ನೆಟ್ಟನ್ನ ಕೇಬಲಲ್ಲಿ (ಯುಎಸ್‌ಬಿ ಟೆದರಿಂಗ್) ಕೊಟ್ಟ ಮೇಲೆ ಮುಂದೆ ಹೋಯ್ತು. ಎಡಿಷನ್ ಕೇಳಲೇ ಇಲ್ಲ, ತಾನಾಗಿ ಹೋಂ ಹಾಕ್ಕೊಂಡ್ತು. ಮುಗಿದ ಮೇಲೆ ನೋಡಿದ್ರೆ ಆಕ್ಟಿವೇಟ್ ಆಗಿದೆ, ಒಂದು ಅಕ್ಷರ ಕೀ ಟೈಪ್ ಮಾಡಿಲ್ಲ. ನನ್ನದೇ ವಿಂಡೋಸ್ ಇಷ್ಟು ದಿನ ಒಳಗೇ ಕೂತಿತ್ತು.

ತಮ್ಮನ ಡೆಸ್ಕ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಲ್ಲಿ ಯಾವುದೋ ಗೇಮಿನ ‘ಚೀಟ್’ ಅಂತ ಜಿಪ್ ಫೈಲ್ ಸಿಕ್ತು. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಅದರೊಳಗೇ ಸೂಚನೆ. ಮಗರಾಯ ನೆಲ ನೋಡ್ತಾ ನಿಂತಿದ್ದ. ಊರಿಗೆ ಬಂದಾಗ ನನ್ನ ಹಳೇ ಪೆನ್ ಡ್ರೈವಲ್ಲಿ ತಂದು ಮನೆ ಲ್ಯಾಪ್‌ಟಾಪಿಗೂ ಹಾಕಿದ್ದನಂತೆ. ಅಂಗಡಿಯವರು ಬಾಗಿಲು ತೆಗೆದಿಟ್ರು, ಇವನು ಕರ್ಕೊಂಡು ಬಂದ. ಈಗ ಅವನಿಗೆ ಎರಡೂ ಕಡೆ ಬೇರೆ ಲಾಗಿನ್, ಅಡ್ಮಿನ್ ಅಲ್ಲದ್ದು.

ಸರ್ವಿಸ್_ಶಿವಮೊಗ್ಗ · 9:15

ಭೇಷ್. ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆಗಿದ್ರೆ ಹೊಸ ವಿಂಡೋಸ್ 11 ಡಿಸ್ಕನ್ನ ತಾನೇ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದೋಕಾಗದ ಹಾಗೆ) ಮಾಡಿರಬಹುದು. ಅಕೌಂಟಿನಲ್ಲಿ ರಿಕವರಿ ಕೀ ಇದೆಯಾ ನೋಡಿ, ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದೆ ಡಿಸ್ಕ್ ಬಿಚ್ಚಿ ತಂದ್ರೆ ನನ್ನ ಕೈಲೂ ಏನೂ ಆಗಲ್ಲ.

ಹಳೇ_ಟೈಪಿಸ್ಟ್ · 9:22

ಆ ಹಳೇ ಪೆನ್ ಡ್ರೈವ್ ಏನ್ ಮಾಡಿದ್ರಿ?

ತುಂಗಾದಡ · 9:30

ಅಯ್ಯೋ. ನನ್ನ ವ್ಯಾನಿಟಿ ಬ್ಯಾಗಲ್ಲೇ ಇದೆ. ನಾಳೆ ಶಾಲೆ ಕಂಪ್ಯೂಟರಿಗೆ ಹಾಕೋಳಿದ್ದೆ.